ಹೊಸ 10 ಮೀಟರ್ ಏರ್ ಪಿಸ್ತೂಲು ಕೈಗೆ ಬಂದಾಗ: ಟ್ರಿಗರ್ ಮುಟ್ಟುವುದು ಕೊನೆಗೆ

ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ ಏರ್ ಪಿಸ್ತೂಲಿನಲ್ಲಿ ಕಲಿತವರು ಮೊದಲ ಸಲ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ) ಮ್ಯಾಚ್ ಪಿಸ್ತೂಲು ಕೊಂಡಾಗ ಎರಡು ತಪ್ಪು ಮಾಡುತ್ತಾರೆ. ಪೆಟ್ಟಿಗೆಯಲ್ಲಿರುವ ಅಲೆನ್ ಕೀ ತೆಗೆದು ಅದೇ ದಿನ ಟ್ರಿಗರ್ ಸ್ಕ್ರೂ ತಿರುಗಿಸುವುದು ಒಂದು. ಗ್ರಿಪ್ ಕೈಗೆ ಕೂರದಿದ್ದರೂ ಇದ್ದ ಹಾಗೇ ಹಿಡಿದು ಸಾವಿರ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಹೊಡೆಯುವುದು ಇನ್ನೊಂದು. ಸ್ಟೈಯರ್, ಮೊರಿನಿ, ವಾಲ್ಟರ್, ಫೈನ್‌ವರ್ಕ್‌ಬೌ, ಪಾರ್ದಿನಿ ಯಾವುದೇ ಇರಲಿ, ಟ್ರಿಗರ್ ಕಾರ್ಖಾನೆಯಿಂದಲೇ ಸರಿಯಾಗಿ ಹೊಂದಿಸಿ ಬಂದಿರುತ್ತದೆ. ಹೊಂದಿಸದೆ ಬರುವುದು ಗ್ರಿಪ್ ಒಂದೇ, ನಿಮ್ಮ ಅಂಗೈ ಹೇಗಿದೆಯೆಂದು ಅವರಿಗೆ ಗೊತ್ತಿರುವುದಿಲ್ಲವಲ್ಲ. ಹಾಗಾಗಿ ಇಲ್ಲಿನ ಕ್ರಮ ಹೀಗಿದೆ: ಸುರಕ್ಷತೆ, ಗಾಳಿ, ಪೆಲೆಟ್ ತುಂಬುವುದು, ಗ್ರಿಪ್, ಸೈಟ್ (ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತುಗಳು), ಎಲ್ಲ ಮುಗಿದ ಮೇಲೆ ಟ್ರಿಗರ್.

ಸ್ಪ್ರಿಂಗ್ ಪಿಸ್ತೂಲಿಗೂ ಇದಕ್ಕೂ ಏನು ವ್ಯತ್ಯಾಸ

ಸ್ಪ್ರಿಂಗ್ ಪಿಸ್ತೂಲಿನಲ್ಲಿ ಟ್ರಿಗರ್ ಎಳೆದ ಮೇಲೆ ಭಾರವಾದ ಪಿಸ್ಟನ್ ಮುಂದಕ್ಕೆ ಓಡಿ ಗಾಳಿಯನ್ನು ಒತ್ತಬೇಕು, ಆಮೇಲೆ ಪೆಲೆಟ್ ಹೊರಡಬೇಕು. ಅಷ್ಟರಲ್ಲಿ ಇಡೀ ಪಿಸ್ತೂಲು ಹಿಂದೆ ಮುಂದೆ ಜಗ್ಗಿರುತ್ತದೆ. ಪಿಸಿಪಿಯಲ್ಲಿ ಗಾಳಿ ಸಿಲಿಂಡರಿನಲ್ಲಿ ಮೊದಲೇ ಸುಮಾರು 200 ಬಾರ್ ಒತ್ತಡದಲ್ಲಿ ಕುಳಿತಿರುತ್ತದೆ. ರೆಗ್ಯುಲೇಟರ್ ಅದನ್ನು ಇಳಿಸಿ ಪ್ರತಿ ಹೊಡೆತಕ್ಕೂ ಒಂದೇ ಅಳತೆಯಲ್ಲಿ ಕೊಡುತ್ತದೆ. ಒದೆತ ಇಲ್ಲವೆನ್ನುವಷ್ಟು ಕಡಿಮೆ. ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ, ಶಕ್ತಿ 6 ಜೌಲ್ ಆಸುಪಾಸು. ಕಾಗದ ತೂತು ಮಾಡಲು ಬೇಕಾದಷ್ಟೇ ಶಕ್ತಿ, ಆದರೆ ಕಣ್ಣು ಕಳೆಯಲು ಧಾರಾಳ ಸಾಕು.

ಒದೆತ ತಡೆಯಲೆಂದು ಬಿಗಿಯಾಗಿ ಹಿಡಿಯುವ ಹಳೆಯ ಅಭ್ಯಾಸ ಇಲ್ಲಿ ಹೊರೆ. ಬಿಗಿ ಹಿಡಿದಷ್ಟೂ ಕೈ ನಡುಗುತ್ತದೆ, ಆ ನಡುಕವನ್ನು ಈ ಪಿಸ್ತೂಲು ಸ್ವಲ್ಪವೂ ಮುಚ್ಚಿಡದೆ ಗುರಿಹಾಳೆಯ ಮೇಲೆ ತೋರಿಸುತ್ತದೆ.

ಪೆಟ್ಟಿಗೆ ತೆರೆದ ದಿನ

ಪೆಲೆಟ್ ತುಂಬಲು ತೆರೆಯುವ ಲಿವರನ್ನು ಪೂರ್ತಿ ತೆರೆದು ನಳಿಗೆಯಲ್ಲಿ ಪೆಲೆಟ್ ಇಲ್ಲವೆಂದು ಕಣ್ಣಾರೆ ನೋಡಿ, ಸೇಫ್ಟಿ ಫ್ಲ್ಯಾಗ್ ಹಾಕಿ. ಕಿತ್ತಳೆಯಂಥ ಎದ್ದು ಕಾಣುವ ಬಣ್ಣದ ಈ ದಾರ ನಳಿಗೆಯ ಉದ್ದಕ್ಕೂ ಹಾದು ಬಾಯಿಯಿಂದ ಹೊರಗೆ ಕಾಣಬೇಕು. ಅರ್ಧಕ್ಕೆ ಕತ್ತರಿಸಿದ ದಾರ ರೇಂಜಿನಲ್ಲಿ ನಡೆಯುವುದಿಲ್ಲ.

ನಂತರ ಒಂದು ಚೀಟಿಯಲ್ಲಿ ಈಗಿನ ಸ್ಥಿತಿ ಬರೆದಿಡಿ: ಹಿಂದಿನ ಸೈಟಿನ ನಾಚ್ (ಕಚ್ಚು) ಅಗಲ, ಟ್ರಿಗರ್ ಎಲೆ (ಬೆರಳಿಡುವ ಭಾಗ) ಹಳಿಯ ಮೇಲೆ ಎಲ್ಲಿದೆ, ಪಾಮ್ ಶೆಲ್ಫ್ (ಗ್ರಿಪ್‌ನಲ್ಲಿ ಕೈಯ ಕೆಳಗೆ ಬರುವ ಆಧಾರ) ಎಷ್ಟನೇ ಗೆರೆಯಲ್ಲಿದೆ, ಕೆಳಗೆ ತೂಕದ ಬಿಲ್ಲೆಗಳಿದ್ದರೆ ಎಷ್ಟು, ಎಲ್ಲಿ. ಫೋನಿನಲ್ಲಿ ನಾಲ್ಕು ಬದಿಯಿಂದ ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯಲ್ಲಿ ಕಾರ್ಖಾನೆಯವರು ಇದೇ ಪಿಸ್ತೂಲಿನಿಂದ ಹೊಡೆದು ನೋಡಿದ ಟೆಸ್ಟ್ ಕಾರ್ಡ್ ಇದ್ದರೆ ಎಸೆಯಬೇಡಿ. ಪೆಲೆಟ್‌ಗಿಂತ ಚೂರೇ ದೊಡ್ಡದಾದ ಆ ಒಂದು ತೂತು ಮುಂದೆ "ಪಿಸ್ತೂಲೇ ಸರಿಯಿಲ್ಲ" ಎಂದು ಅನ್ನಿಸುವ ದಿನ ಉತ್ತರವಾಗುತ್ತದೆ.

ಸ್ಪರ್ಧೆಯ ಮಿತಿಗಳನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕ್ಯಾಲಿಬರ್ 4.5 ಮಿ.ಮೀ., ಒಟ್ಟು ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ಭಾರ 500 ಗ್ರಾಂಗಿಂತ ಕಡಿಮೆ ಇರಬಾರದು, ಇಡೀ ಪಿಸ್ತೂಲು 420 × 200 × 50 ಮಿ.ಮೀ. ಡಬ್ಬಿಯೊಳಗೆ ಕೂರಬೇಕು. ಗ್ರಿಪ್ಪಿಗೆ ಮರ ಸೇರಿಸುವವರು ಎಡವುವುದು ಆ 50 ಮಿ.ಮೀ.ಯಲ್ಲಿ.

ಗಾಳಿ ತುಂಬುವುದು

ಸಿಲಿಂಡರಿನ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಮ್ಯಾಚ್ ಪಿಸ್ತೂಲಿನ ಸಿಲಿಂಡರುಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯುಸ್ಸು 10 ವರ್ಷ. ಅವಧಿಯೊಳಗಿದೆಯೇ ಎಂದು ನೋಡಿಕೊಳ್ಳುವ ಹೊಣೆ ಶೂಟರನದೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಲೆ ಮಾತಾಡುವ ಮುಂಚೆ ಈ ತಾರೀಕು ನೋಡಲಿ; ಹೊಸ ಸಿಲಿಂಡರಿನ ಖರ್ಚು ಕಡಿಮೆಯಲ್ಲ.

ತುಂಬಲು ಎರಡು ದಾರಿ: ಡೈವಿಂಗ್‌ನವರು ಬಳಸುವಂಥ ದೊಡ್ಡ ಸಿಲಿಂಡರ್, ಇಲ್ಲವೇ 200 ಬಾರ್ ಏರಿಸಬಲ್ಲ ಕೈಪಂಪು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಅದು ಹತ್ತು ಬಾರ್ ದಾಟಲು ತಿಣುಕುತ್ತದೆ.

ದೊಡ್ಡ ಸಿಲಿಂಡರಿನಿಂದ ತುಂಬುವಾಗ ಅಡಾಪ್ಟರನ್ನು ಕೈಯಲ್ಲೇ ಬಿಗಿ ಮಾಡಿ, ವಾಲ್ವನ್ನು ಕೂದಲೆಳೆಯಷ್ಟು ತೆರೆದು, ಮೀಟರಿನ ಮುಳ್ಳು ನಿಧಾನಕ್ಕೆ ಏರುವಂತೆ ನೋಡಿಕೊಳ್ಳಿ. ಒಂದೆರಡು ನಿಮಿಷ ಹಿಡಿಯಲಿ, ಅವಸರವಿಲ್ಲ. ಬೇಗ ತುಂಬಿದರೆ ಗಾಳಿ ಬಿಸಿಯಾಗಿ ಮುಳ್ಳು 200 ತೋರಿಸುತ್ತದೆ, ತಣ್ಣಗಾದ ಮೇಲೆ ನೋಡಿದರೆ ಒತ್ತಡ ಇಳಿದಿರುತ್ತದೆ. ದೊಡ್ಡ ಸಿಲಿಂಡರ್ 300 ಬಾರ್‌ನದಾಗಿದ್ದರೆ ಕಣ್ಣು ಮೀಟರಿನ ಮೇಲೇ ಇರಬೇಕು. 200ಕ್ಕೆ ತಾನಾಗಿ ನಿಲ್ಲುವ ವ್ಯವಸ್ಥೆ ಅದರಲ್ಲಿ ಇರುವುದಿಲ್ಲ. ಕೈಪಂಪಾದರೆ ಆಗಾಗ ನಿಲ್ಲಿಸಿ ಆರಲು ಬಿಡಿ, ತೇವ ಹೊರಬಿಡುವ ಸ್ಕ್ರೂ ತೆರೆದು ನೀರು ತೆಗೆಯಿರಿ. ಮಂಗಳೂರು, ಉಡುಪಿ ಕಡೆಯ ಮಳೆಗಾಲದ ಗಾಳಿಯಲ್ಲಿ ತೇವ ಹೆಚ್ಚು. ಅದು ಒಳಗೆ ಸೇರಿದರೆ ರೆಗ್ಯುಲೇಟರ್ ಕೆಡುತ್ತದೆ.

ಇಲ್ಲಿ ವಿನಾಯಿತಿಯೇ ಇಲ್ಲದ ಎರಡು ಮಾತು. ವೆಲ್ಡಿಂಗ್‌ನ ಅಥವಾ ಆಸ್ಪತ್ರೆಯ ಆಮ್ಲಜನಕವನ್ನು ಎಂದೂ ತುಂಬಬೇಡಿ. ಒತ್ತಡದ ಆಮ್ಲಜನಕ ಎಣ್ಣೆಯ ಪಸೆಗೆ ತಾಗಿದರೆ ಸಿಡಿಯುತ್ತದೆ. ಇದೇ ಕಾರಣಕ್ಕೆ ವಾಲ್ವು, ಓ-ರಿಂಗುಗಳಿಗೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೊಲಿಗೆ ಯಂತ್ರದ ಎಣ್ಣೆ, ತೆಂಗಿನೆಣ್ಣೆ ಹಾಕಬೇಡಿ. ಬೇಕಾದರೆ ಕೈಪಿಡಿ ಹೇಳಿದ ಸಿಲಿಕೋನ್ ಗ್ರೀಸ್, ಅದೂ ಬೆರಳ ತುದಿಗೆ ತಾಗಿದಷ್ಟು.

ಸಿಲಿಂಡರನ್ನು ಪಿಸ್ತೂಲಿಗೆ ಕೂರಿಸುವಾಗ ಒಂದು ಕ್ಷಣ "ಸ್" ಎನ್ನುವುದು ಸಹಜ. ಆ ಸದ್ದು ನಿಲ್ಲದಿದ್ದರೆ ಓ-ರಿಂಗ್ ಮೇಲೆ ಕಸ ಕೂತಿದೆ ಅಥವಾ ಅದು ಹರಿದಿದೆ. ಬಿಚ್ಚಿ, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಮತ್ತೂ ನಿಲ್ಲದಿದ್ದರೆ ಹೊಸದು ಹಾಕಿ. ಸ್ಪ್ಯಾನರ್ ಹಾಕಿ ಬಿಗಿಯುವುದು ಪರಿಹಾರವಲ್ಲ. ಬಿಸಿಲಲ್ಲಿ ನಿಂತ ಕಾರಿನಲ್ಲಿ ತುಂಬಿದ ಸಿಲಿಂಡರ್ ಬಿಡಬೇಡಿ: 25 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 65 ಡಿಗ್ರಿಗೆ ಸುಮಾರು 227 ಆಗುತ್ತದೆ.

ಪೆಲೆಟ್ ತುಂಬುವುದು

ಮೂತಿ ಚಪ್ಪಟೆಯಾದ ಮ್ಯಾಚ್ ಪೆಲೆಟ್ ಮಾತ್ರ ಬಳಸಿ; ಕಾಗದದಲ್ಲಿ ದುಂಡಗೆ ತೂತು ಬೀಳುವುದು ಅದರಿಂದಲೇ. ಪಿಸ್ತೂಲಿಗೆ 0.45ರಿಂದ 0.49 ಗ್ರಾಂನದು ಸಾಮಾನ್ಯ, 0.53 ಗ್ರಾಂನದನ್ನು ಹೆಚ್ಚಾಗಿ ರೈಫಲ್‌ನವರು ಬಳಸುತ್ತಾರೆ. ಚಪ್ಪಟೆ ತಲೆ ಮುಂದೆ, ಲಂಗದಂತೆ ಅರಳಿದ ಭಾಗ ಹಿಂದೆ. ಹೆಬ್ಬೆರಳಿನಿಂದ ಒತ್ತಿದ ಮೇಲೆ ಪೆಲೆಟ್‌ನ ಹಿಂಬದಿ ನಳಿಗೆಯ ಅಂಚಿಗೆ ಸಮವಾಗಬೇಕು. ಹೊರಗೆ ಚಾಚಿದ್ದರೆ ಲಿವರ್ ಮುಚ್ಚುವಾಗ ಅಂಚು ಜಜ್ಜಿ, ಆ ಹೊಡೆತ ಕಾರಣವಿಲ್ಲದೆ ಏಳಕ್ಕೋ ಎಂಟಕ್ಕೋ ಹೋಗುತ್ತದೆ.

ಮಾತಿನ ನಡುವೆ ಲಿವರನ್ನು ಎರಡು ಸಲ ತೆರೆದು ಎರಡು ಪೆಲೆಟ್ ತುಂಬುವುದು ಹೊಸಬರಲ್ಲಿ ಮಾಮೂಲು. ಗಾಳಿ ತೀರಾ ಇಳಿದಾಗ ಪೆಲೆಟ್ ನಳಿಗೆಯಲ್ಲೇ ಸಿಕ್ಕಿಕೊಳ್ಳುವುದೂ ಉಂಟು. ಹೊಡೆತದ ಸದ್ದು ಮಂಕಾಗಿ ಕೇಳಿ ಹಾಳೆಯಲ್ಲಿ ತೂತು ಕಾಣದಿದ್ದರೆ, ಮತ್ತೊಂದು ಹೊಡೆದು ಅದನ್ನು ತಳ್ಳಲು ಹೋಗಬೇಡಿ. ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ರೇಂಜ್ ಅಧಿಕಾರಿಯನ್ನು ಕರೆಯಿರಿ.

ಗ್ರಿಪ್: ವಾರಗಟ್ಟಲೆ ಹಿಡಿಯುವ ಕೆಲಸ

ಕಣ್ಣು ಮುಚ್ಚಿ ಪಿಸ್ತೂಲನ್ನು ಗುರಿಯ ಎತ್ತರಕ್ಕೆ ಎತ್ತಿ, ಎರಡು ಸಲ ಉಸಿರಾಡಿ ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ನಾಚ್‌ನ ನಡುವೆ ಇದೆಯೇ? ಹತ್ತು ಸಲ ಮಾಡಿ ಪ್ರತಿಸಲವೂ ಬರೆದುಕೊಳ್ಳಿ. ಹತ್ತರಲ್ಲಿ ಎಂಟು ಸಲ ಮುಂದಿನ ಸೈಟ್ ಒಂದೇ ಬದಿಗೆ ವಾಲಿದ್ದರೆ ಮಣಿಕಟ್ಟು ತಿರುಚಿ ಸರಿಮಾಡಬೇಡಿ, ಗ್ರಿಪ್ಪನ್ನೇ ಸರಿಸಿ. ಈಗಿನ ಬಹುತೇಕ ಪಿಸ್ತೂಲುಗಳಲ್ಲಿ ಗ್ರಿಪ್‌ನ ಕೋನವನ್ನು ಒಂದೆರಡು ಸ್ಕ್ರೂ ಸಡಿಲಿಸಿ ಬದಲಿಸಬಹುದು.

ಈ ಹೊಂದಿಕೆಗೆ ಇಷ್ಟು ಒತ್ತು ಯಾಕೆಂದರೆ ಲೆಕ್ಕ ನೋಡಿ. ಎರಡು ಸೈಟುಗಳ ನಡುವಿನ ದೂರ ಸುಮಾರು 330 ಮಿ.ಮೀ., ಗುರಿ 10,000 ಮಿ.ಮೀ. ದೂರ. ಸೈಟ್‌ಗಳ ಹೊಂದಿಕೆ ಒಂದು ಮಿ.ಮೀ. ತಪ್ಪಿದರೆ ಹಾಳೆಯಲ್ಲಿ 30 ಮಿ.ಮೀ. ತಪ್ಪುತ್ತದೆ. ಪ್ರತಿ ರಿಂಗ್‌ನ ಅಂತರ 8 ಮಿ.ಮೀ., ಅಂದರೆ ಹೆಚ್ಚುಕಡಿಮೆ ನಾಲ್ಕು ಅಂಕ ಹೋಯಿತು. ಅದೇ, ಸೈಟ್‌ಗಳು ಹೊಂದಿಕೊಂಡೇ ಇದ್ದು ಇಡೀ ಕೈ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ ಹಾಳೆಯಲ್ಲೂ ಒಂದೇ ಮಿ.ಮೀ. ತಪ್ಪು. ಹತ್ತರ ರಿಂಗ್‌ನ ವ್ಯಾಸ 11.5 ಮಿ.ಮೀ. ಇರುವಾಗ ಅದು ಲೆಕ್ಕಕ್ಕೇ ಇಲ್ಲ. ಕೈ ತೂಗಾಡಲಿ, ಮಣಿಕಟ್ಟು ಮಾತ್ರ ಅಲ್ಲಾಡಬಾರದು; ಮಣಿಕಟ್ಟನ್ನು ಹಿಡಿದಿಡುವುದು ಗ್ರಿಪ್.

ಮರ ಎಲ್ಲಿ ಒತ್ತುತ್ತಿದೆಯೆಂದು ಕಾಣಲು ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಹತ್ತು ನಿಮಿಷ ಹಿಡಿಯಿರಿ. ಬಿಳಿ ದಟ್ಟವಾಗಿ ಕೂತ ಕಡೆ ಮರ ಎದ್ದಿದೆ, ಏನೂ ತಾಗದ ಕಡೆ ತಗ್ಗಿದೆ. ಎದ್ದ ಕಡೆ ಉಜ್ಜುಕಾಗದದಲ್ಲಿ ಅರ್ಧ ಮಿ.ಮೀ.ನಷ್ಟು ತೆಗೆದು, ಎರಡು ದಿನ ಅಭ್ಯಾಸ ಮಾಡಿ ನೋಡಿ, ಬೇಕಾದರೆ ಮತ್ತೆ ತೆಗೆಯಿರಿ. ತಗ್ಗಿದ ಕಡೆ ಎಂ-ಸೀಲ್ ಅಥವಾ ಮರದ ಪುಟ್ಟಿ ಮೆತ್ತಿ, ಕೈಯಿಂದ ಅಚ್ಚೊತ್ತಿ, ಒಂದು ದಿನ ಒಣಗಲು ಬಿಟ್ಟು ಉಜ್ಜಿ. ತೆಗೆದ ಮರ ಮರಳಿ ಬರುವುದಿಲ್ಲ, ಮೆತ್ತಿದ್ದನ್ನು ಯಾವಾಗ ಬೇಕಾದರೂ ಕೆರೆಯಬಹುದು. ಸಂದೇಹವಿದ್ದರೆ ಮೆತ್ತುವುದರಿಂದಲೇ ಶುರು ಮಾಡಿ.

ತೋರುಬೆರಳು ಮಾತ್ರ ಮರಕ್ಕೆ ಎಲ್ಲೂ ತಾಗಬಾರದು. ಬೆರಳಿಗೂ ಗ್ರಿಪ್ಪಿಗೂ ನಡುವೆ ಬೆಳಕು ಕಾಣಬೇಕು. ತಾಗಿದರೆ ಟ್ರಿಗರ್ ಎಳೆಯುವಾಗ ಬೆರಳು ಇಡೀ ಪಿಸ್ತೂಲನ್ನು ಪಕ್ಕಕ್ಕೆ ದೂಡುತ್ತದೆ. ಪಾಮ್ ಶೆಲ್ಫ್ ಕೈಯ ಕೆಳಗೆ ಹಗುರವಾಗಿ ತಾಗಿದರೆ ಸಾಕು. ಕೈಯನ್ನು ಹಿಂಡುವ ಹಾಗೆ ಏರಿಸಿದರೆ ಕೆಲವೇ ನಿಮಿಷದಲ್ಲಿ ಬೆರಳು ಜೋಮು ಹಿಡಿಯುತ್ತದೆ. ಪಂದ್ಯ ಇರುವುದು 60 ಹೊಡೆತ, 75 ನಿಮಿಷ. ಮಣಿಕಟ್ಟನ್ನು ಸುತ್ತುವರಿಯುವ ಮರ, ಮೇಲಕ್ಕೆ ಬಾಗಿ ಕೈಯನ್ನು ಅಪ್ಪುವ ಶೆಲ್ಫ್ ನಿಯಮಬಾಹಿರ.

ಸೈಟ್

ಕರಿ ವೃತ್ತದ ನಡುವಿಗೆ ಗುರಿ ಹಿಡಿಯುವುದು ಸ್ಪ್ರಿಂಗ್ ಪಿಸ್ತೂಲಿನಿಂದ ಬರುವ ಇನ್ನೊಂದು ಅಭ್ಯಾಸ. ಕರಿಯ ಮೇಲೆ ಕರಿ ಸೈಟ್ ಕಣ್ಣಿಗೆ ಸಿಗುವುದಿಲ್ಲ. 59.5 ಮಿ.ಮೀ. ಕರಿಯ ಕೆಳಗೆ ಸ್ವಲ್ಪ ಬಿಳಿ ಬಿಟ್ಟು ಅಲ್ಲಿ ಸೈಟ್ ನಿಲ್ಲಿಸಿ, ಪೆಲೆಟ್ ಮೇಲೆ ಹತ್ತಕ್ಕೆ ಹೋಗುವಂತೆ ಸೈಟ್ ಹೊಂದಿಸಿ. ಕಣ್ಣಿನ ನೋಟ ಮುಂದಿನ ಸೈಟಿನ ಮೇಲೆ ಇರಬೇಕು, ಗುರಿ ಮಸುಕಾಗಿದ್ದರೆ ಅದೇ ಸರಿ.

ಸೈಟ್ ಸರಿಸುವ ಸ್ಕ್ರೂವನ್ನು ಕ್ಲಿಕ್ ಕ್ಲಿಕ್ ಎಂದು ತಿರುಗಿಸುವಾಗ ಅದರ ಮೇಲಿನ ಅಕ್ಷರಗಳನ್ನು ನಂಬಿ ಮೋಸ ಹೋಗಬೇಡಿ. ಕೆಲವು ಯುರೋಪಿನ ಪಿಸ್ತೂಲುಗಳಲ್ಲಿ ಬರೆದಿರುವ ದಿಕ್ಕು ಹೊಡೆತ ಬಿದ್ದ ಕಡೆಯದು, ಇನ್ನು ಕೆಲವದರಲ್ಲಿ ಹೊಡೆತ ಹೋಗಬೇಕಾದ ಕಡೆಯದು. ಜರ್ಮನ್ ಗುರುತಾಗಿದ್ದರೆ "ಎಚ್" ಮೇಲೆ, "ಟಿ" ಕೆಳಗೆ. ಐದು ಹೊಡೆದು, ಹತ್ತು ಕ್ಲಿಕ್ ತಿರುಗಿಸಿ, ಮತ್ತೆ ಐದು ಹೊಡೆಯಿರಿ. ಎರಡು ಗುಂಪುಗಳ ನಡುವಿನ ದೂರವನ್ನು ಹತ್ತರಿಂದ ಭಾಗಿಸಿದರೆ ಒಂದು ಕ್ಲಿಕ್ಕಿನ ಬೆಲೆ, ದಿಕ್ಕು ಎರಡೂ ಸಿಗುತ್ತವೆ. ಒಂದೇ ಹೊಡೆತ ನೋಡಿ ಕ್ಲಿಕ್ ತಿರುಗಿಸುವವರು ದಿನವಿಡೀ ತಿರುಗಿಸುತ್ತಲೇ ಇರುತ್ತಾರೆ.

ಬಲಗೈಯವರ ಹೊಡೆತಗಳು ಕೆಳಗೆ ಎಡಕ್ಕೆ ಗುಂಪುಗೂಡುತ್ತಿದ್ದರೆ ಮೊದಲು ಸೈಟನ್ನಲ್ಲ, ಬೆರಳನ್ನು ಅನುಮಾನಿಸಿ. ಟ್ರಿಗರನ್ನು ಜಗ್ಗಿದರೆ ಹೀಗಾಗುತ್ತದೆ. ಪಿಸಿಪಿಗಳಲ್ಲಿ ಗಾಳಿ ಖರ್ಚಾಗದ ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವ) ವ್ಯವಸ್ಥೆ ಇರುತ್ತದೆ. ಪೆಲೆಟ್ ಇಲ್ಲವೆಂದು ಎರಡು ಸಲ ನೋಡಿ, ಬಿಳಿ ಗೋಡೆಗೆ ದಿನಕ್ಕೆ 20 ನಿಮಿಷ ಡ್ರೈ ಫೈರ್ ಮಾಡಿ. ಬೆರಳು ಎಳೆದಾಗ ಸೈಟ್ ಅಲ್ಲಾಡಿದರೆ ಅಲ್ಲೇ ಕಾಣುತ್ತದೆ.

ಈಗ ಟ್ರಿಗರ್

ಟ್ರಿಗರ್‌ಗೆ ಎರಡು ಹಂತ. ಮೊದಲು ಸಲೀಸಾಗಿ ಹಿಂದೆ ಬಂದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪ ಒತ್ತಿದರೆ ಬಿಡುತ್ತದೆ, ಅಂದರೆ ಹೊಡೆತ ಹೊರಡುತ್ತದೆ. ಮೊದಲ ಹಂತದ ಭಾರ, ಅದರ ದೂರ, ಎರಡನೇ ಹಂತದ ಭಾರ, ಬಿಟ್ಟ ಮೇಲಿನ ಓಟ (ಹೊಡೆತ ಹೊರಟ ಮೇಲೂ ಟ್ರಿಗರ್ ಹಿಂದೆ ಸರಿಯುವ ದೂರ), ಇವಕ್ಕೆಲ್ಲ ಬೇರೆಬೇರೆ ಸ್ಕ್ರೂ. ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಕಾಲು ಸುತ್ತು, ಪ್ರತಿಸಲ ಚೀಟಿಯಲ್ಲಿ ಬರೆದು. ಬಹಳ ಜನಕ್ಕೆ ಟ್ರಿಗರ್ ಎಲೆಯನ್ನು ಬೆರಳ ಮೊದಲ ಗೆಣ್ಣಿನ ಮೆತ್ತನೆ ಭಾಗಕ್ಕೆ ಸಿಗುವಂತೆ ಹಿಂದೆ ಮುಂದೆ ಸರಿಸಿದರೆ ಕೆಲಸ ಮುಗಿಯುತ್ತದೆ, ಉಳಿದದ್ದಕ್ಕೆ ಕೈ ಹಾಕಬೇಕಾಗಿಲ್ಲ.

ಬಿಡುವ ಬಿಂದುವನ್ನು ತೀರಾ ಸೂಕ್ಷ್ಮ ಮಾಡುವುದು ಅಪಾಯ. ಪ್ರತಿ ಬದಲಾವಣೆಯ ನಂತರ ಪೆಲೆಟ್ ಹಾಕದೆ ಕಾಕ್ ಮಾಡಿ (ಹೊಡೆತಕ್ಕೆ ಅಣಿಗೊಳಿಸಿ), ಗುರಿಯ ಕಡೆ ಹಿಡಿದು, ಇನ್ನೊಂದು ಅಂಗೈಯಿಂದ ಗ್ರಿಪ್ಪನ್ನು ಮೆಲ್ಲಗೆ ತಟ್ಟಿ. ತಾನಾಗಿ ಬಿಟ್ಟರೆ ಸ್ಕ್ರೂ ಹಿಂದಕ್ಕೆ ತಿರುಗಿಸಿ. ಬಿಟ್ಟ ಮೇಲಿನ ಓಟವನ್ನು ಪೂರ್ತಿ ಮುಚ್ಚಿದರೆ ಟ್ರಿಗರ್ ಕೆಲವೊಮ್ಮೆ ಬಿಡುವುದೇ ಇಲ್ಲ. ಕೂದಲೆಳೆಯಷ್ಟು ಜಾಗ ಇರಲಿ.

ಭಾರ ನೋಡಲು ನಳಿಗೆ ನೆಟ್ಟಗೆ ಮೇಲಕ್ಕೆ ಮಾಡಿ, ಕಾಕ್ ಮಾಡಿ, 500 ಗ್ರಾಂ ತೂಕವನ್ನು ಟ್ರಿಗರ್ ಎಲೆಯ ನಡುವಿಗೆ ಸಿಕ್ಕಿಸಿ ಮೇಜಿನಿಂದ ನಿಧಾನವಾಗಿ ಎತ್ತಿ. ಟ್ರಿಗರ್ ಬಿಡದೆ ತೂಕ ಮೇಲೆ ಬರಬೇಕು. ಪಂದ್ಯದ ತಪಾಸಣೆಯಲ್ಲಿ ಗಾಳಿಯ ಸಮೇತ ಹೀಗೇ ನೋಡುತ್ತಾರೆ, ಹೆಚ್ಚೆಂದರೆ ಮೂರು ಪ್ರಯತ್ನ. ಆದ್ದರಿಂದ ಮನೆಯಲ್ಲೂ ಗಾಳಿ ಇಟ್ಟುಕೊಂಡೇ ನೋಡಿ. ಸರಿಯಾಗಿ 500ಕ್ಕೆ ನಿಲ್ಲಿಸಿದರೆ ಸ್ಪ್ರಿಂಗ್ ಚೂರು ಸಡಿಲಾದರೂ ಫೇಲ್, 510–520ರ ಹತ್ತಿರ ಇಡಿ.

ಎಲೆಕ್ಟ್ರಾನಿಕ್ ಟ್ರಿಗರ್ ಆದರೆ ಚೀಲದಲ್ಲಿ ಹೊಸ ಬ್ಯಾಟರಿ, ಸಾಧ್ಯವಿದ್ದರೆ ಹೊಂದಿಸಿಟ್ಟ ಎರಡನೇ ಪಿಸ್ತೂಲು. ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಭಾರತದ ಶೂಟರ್ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟು ಅಮೂಲ್ಯ ನಿಮಿಷಗಳು ಹೋದವು. 2024ರ ಪ್ಯಾರಿಸ್‌ನಲ್ಲಿ ಅವರು ಇದೇ 10 ಮೀಟರ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಮೊದಲ ತಿಂಗಳ ಚೀಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ, ಸ್ಪಂಜಿನ ಕೆಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಪೆಟ್ಟಿಗೆಗೆ ಬೀಗ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಪೆಲೆಟ್ ಡಬ್ಬಿ ಬೇರೆ ಕಪಾಟಿನಲ್ಲಿರಲಿ.