ನನ್ನ ಫೋಟೋ ನಾನೇ ತೆಗೆದ ವರ್ಷ

ಡಿಸೆಂಬರಿನ ಕೊನೇ ಐತವಾರ ನಮ್ಮ ಕಲಬುರಗಿಯ ಸೈಕಲ್ ಗೆಳೆಯರೆಲ್ಲ ಜೇವರ್ಗಿ ರಸ್ತೆಯ ಚಹಾದಂಗಡಿ ಮುಂದೆ ಕೂಡುತ್ತೇವೆ. ವರ್ಷದಲ್ಲಿ ತಮಗೆ ಇಷ್ಟವಾದ ರೈಡಿನ ಫೋಟೋ ಪ್ರಿಂಟ್ ಹಾಕಿಸಿ ತಂದು ತೋರಿಸುವ ರೂಢಿ. ಐದು ವರ್ಷದಿಂದ ನನ್ನದು ಒಂದೇ ನಮೂನೆ: ಗೋಡೆಗೆ ಒರಗಿಸಿದ ಸೈಕಲ್. ಗೋಡೆ ಬದಲಾಗುತ್ತಿತ್ತು, ಅಷ್ಟೇ. ನಾನು ಒಬ್ಬನೇ ಹೋಗುವವನು. ನಸುಕಿನ ಐದಕ್ಕೆ ಯಾರೂ ಜೊತೆಗೆ ಬರುವುದಿಲ್ಲ, ಬಂದರೆ ನನಗೂ ಸರಿಬರುವುದಿಲ್ಲ.

ಹೋದ ವರ್ಷದ ಆ ಬೈಠಕ್ಕಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ: ಮುಂದಿನ ಸಲ ಎಲ್ಲ ಫೋಟೋದಲ್ಲೂ ಸೈಕಲ್ ಮೇಲೆ ನಾನೇ ಇರ್ತೀನಿ, ತೆಗೆಯುವವನೂ ನಾನೇ. "ನಿಮಗ ನಾಕ ಕೈ ಅವ ಏನ್ರಿ ಸರ್?" ಅಂದ ಒಬ್ಬ. ಇನ್ನೊಬ್ಬ ಮದುವೆ ಫೋಟೋ ತೆಗೆಯುವವನು. ವಿಡಿಯೋದಿಂದ ಕಿತ್ತ ಫ್ರೇಮು ಪ್ರಿಂಟಿಗೆ ನಿಲ್ಲೋದಿಲ್ಲ, ಬೇಕಾದ್ರ ಬರೆದು ಕೊಡ್ತೀನಿ ಅಂದ. ಆಗಲೇ ಬರೆಸಿಕೊಳ್ಳಬೇಕಿತ್ತು, ಈಗ ಅದಕ್ಕೂ ಗಾಜು ಹಾಕಿಸಿ ಗೋಡೆಗೆ ತೂಗಿಬಿಡುತ್ತಿದ್ದೆ.

ಮೊದಲ ಮೂರು ತಿಂಗಳು ಬರೀ ದುಡ್ಡು ಹೋಯಿತು. 900 ರೂಪಾಯಿಯ ಟ್ರೈಪಾಡಿನ ಕಾಲು ಎರಡನೇ ವಾರಕ್ಕೇ ಸಡಿಲಾಯಿತು. ಹತ್ತು ಸೆಕೆಂಡಿನ ಟೈಮರ್ ಹಾಕಿ ಓಡಿ ಹೋಗಿ ಸೈಕಲ್ ಹತ್ತಿ ಬಂದರೆ, ಫೋಟೋದಲ್ಲಿ ನನ್ನ ಮುಖ ನಾಯಿ ಬೆನ್ನಟ್ಟಿದವನ ಹಾಗಿತ್ತು. 250ರ ರಿಮೋಟ್ ತಂದೆ. ಏಳೆಂಟು ಮೀಟರ್ ದಾಟಿದರೆ ಅದು ಫೋನಿನ ಸಂಗಡ ಮಾತಾಡುವುದಿಲ್ಲ. ಹ್ಯಾಂಡಲ್ ಮೇಲೆ ಮುಷ್ಟಿ ಬಿಗಿದದ್ದು ಬೇರೆ ಎದ್ದು ಕಾಣುತ್ತಿತ್ತು. ಸೆಕೆಂಡ್ ಹ್ಯಾಂಡ್ ಆ್ಯಕ್ಷನ್ ಕ್ಯಾಮೆರಾ 9,000ಕ್ಕೆ ತಗೊಂಡು ಎರಡು ತಿಂಗಳಿಗೆ 6,500ಕ್ಕೆ ಕೊಟ್ಟೆ. ಅದರ ಅಗಲ ಕಣ್ಣಿಗೆ ನಾನೂ ಕೋಟೆಯೂ ಎರಡೂ ಇರುವೆಯಷ್ಟು ಸಣ್ಣ.

ದೊಡ್ಡ ಪೆಟ್ಟು ಬಿದ್ದದ್ದು ಫಿರೋಜಾಬಾದಿನಲ್ಲಿ. ಕಲಬುರಗಿಯಿಂದ 27 ಕಿಲೋಮೀಟರ್ ಇರಬೇಕು, ಭೀಮಾ ದಂಡೆ, ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಹಾಳೂರು. ಬಿದ್ದ ಗೋಡೆಯ ಕಲ್ಲಿನ ಮೇಲೆ ಫೋನ್ ನಿಲ್ಲಿಸಿ ಅರವತ್ತು ಹೆಜ್ಜೆ ದೂರ ಹೋಗಿ ತಿರುಗುವುದರೊಳಗೆ ಆಡಿನ ಹಿಂಡು ಆ ಗೋಡೆಯನ್ನೇ ಹತ್ತಿ ಇಳಿಯಿತು. ಆ ವಿಡಿಯೋ ಇನ್ನೂ ಇದೆ: ನಾನು ದೂರದಲ್ಲಿ ಒಂದು ಚುಕ್ಕಿ, ಆಮೇಲೆ ಒಂದು ಗಡ್ಡ, ಆಮೇಲೆ ಆಕಾಶ. ಸ್ಕ್ರೀನಿಗೆ 3,200. ಮನೆಯಲ್ಲಿ ಹೇಳಿದ್ದು 1,500.

ಕಡೆಗೆ ಕೈ ಹಿಡಿದದ್ದು ಹಳೇ ಟ್ಯೂಬು. ಪಂಚರ್ ಆದ ಟ್ಯೂಬನ್ನು ಎರಡು ಬೆರಳಗಲ ಪಟ್ಟಿ ಕತ್ತರಿಸಿಕೊಂಡೆ. ನಮ್ಮ ಕಡೆ ಶಹಾಬಾದ್ ಪರಸಿಯ, ಅಂದರೆ ಹಾಸುಗಲ್ಲಿನ, ತುಂಡು ಎಲ್ಲಿ ಬೇಕಾದಲ್ಲಿ ಬಿದ್ದಿರುತ್ತದೆ. ಒಂದು ಪರಸಿ ನೆಲಕ್ಕೆ, ಒಂದು ನೆಟ್ಟಗೆ, ನೆಟ್ಟಗಿದ್ದದ್ದಕ್ಕೆ ಫೋನು, ಮೇಲೆ ಟ್ಯೂಬಿನ ಕಟ್ಟು. ಗಾಳಿಗೆ ಅಲ್ಲಾಡುವುದಿಲ್ಲ, ಕಲ್ಲಿನ ಜೊತೆ ಕಲ್ಲಾಗಿ ಕೂತರೆ ದಾರಿಹೋಕರಿಗೂ ಕಾಣುವುದಿಲ್ಲ. ಖರ್ಚು ಸೊನ್ನೆ. ಇದಕ್ಕೂ ಮೊದಲು ವೆಲ್ಡಿಂಗ್ ಅಂಗಡಿಯಲ್ಲಿ 120 ಕೊಟ್ಟು ಕಬ್ಬಿಣದ ಗೂಟ ಮಾಡಿಸಿದ್ದೆ. ಎರೆ ಹೊಲದಲ್ಲಿ ಏಪ್ರಿಲಿಗೆ ಕೈ ಹೋಗುವಷ್ಟು ಬಿರುಕು, ಗೂಟ ಫೋನಿನ ಸಮೇತ ವಾಲಿ ಬಿದ್ದಿತು. ಜುಲೈಯಲ್ಲಿ ಅದೇ ಮಣ್ಣಿನಿಂದ ಗೂಟ ಕಿತ್ತು ತೆಗೆಯುವಷ್ಟರಲ್ಲಿ ಸಾಕುಬೇಕಾಯಿತು. ಈಗ ಮನೆಯಲ್ಲಿ ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಾರೆ.

ಇನ್ನು ಫೋಕಸ್. ವಾರಗಟ್ಟಲೆ ಹಿಂದಿನ ಜಾಲಿ ಗಿಡ ಸ್ಪಷ್ಟ, ನಾನು ಮಂಜು. ಈಗ ಮಾಡುವುದು ಹೀಗೆ: ನಾನು ಯಾವ ಜಾಗದಲ್ಲಿ ಬೇಕೋ ಅಲ್ಲಿ ರಸ್ತೆ ಮೇಲೆ ನೀರಿನ ಬಾಟಲಿ ನಿಲ್ಲಿಸುತ್ತೇನೆ. ಫೋನಿಗೆ ಬಂದು ಬಾಟಲಿ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡುತ್ತೇನೆ. ಬಾಟಲಿ ತೆಗೆದು ಅಲ್ಲಿ ಸುಣ್ಣದಕಲ್ಲಿನಿಂದ ಒಂದು ಗೆರೆ. ವಿಡಿಯೋ 4ಕೆ ಚಾಲೂ ಮಾಡಿ ಹೋಗಿ, ಗೆರೆ ಮೇಲೆ ಚಕ್ರ ಹಾಯಿಸುವುದು, ಆಮೇಲೆ ಆ ವಿಡಿಯೋದಿಂದ ಒಂದು ಫ್ರೇಮು ಕೀಳುವುದು. ಎರಡು ಸಲ ಬಾಟಲಿ ತೆಗೆಯಲು ಮರೆತು ಅದರ ಮೇಲೇ ಹಾಯಿಸಿದ್ದೇನೆ, ಅದನ್ನು ಬರೆಯಬಾರದಿತ್ತು.

ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಫೋನಿನ ಪಾಲಿಗೆ ಬಿಡಬೇಡಿ. ಗಂಟೆಗೆ 20 ಕಿಲೋಮೀಟರಿನಲ್ಲಿ ಹೋದರೆ ಸೆಕೆಂಡಿಗೆ ಐದೂವರೆ ಮೀಟರ್. ನಸುಕಿನಲ್ಲಿ ಫೋನು ತಾನಾಗಿ 1/60 ಸೆಕೆಂಡು ಇಟ್ಟುಕೊಂಡರೆ ಅಷ್ಟರಲ್ಲಿ ಸೈಕಲ್ ಒಂಬತ್ತು ಸೆಂಟಿಮೀಟರ್ ಸರಿದಿರುತ್ತದೆ. ನಾನು 1/500ಕ್ಕೆ ಕಟ್ಟಿ, ಅಡ್ಡ ಹೋಗದೆ ಓರೆಯಾಗಿ ಫೋನಿನ ಕಡೆಗೇ ಬರುತ್ತೇನೆ, ಅದೂ ಗಂಟೆಗೆ 12 ಕಿಲೋಮೀಟರಿನ ಆಸುಪಾಸಿನಲ್ಲಿ. ಭಾರೀ ಗೇರಿನಲ್ಲಿ ನಿಧಾನ ತುಳಿದರೆ ಫೋಟೋದಲ್ಲಿ ಜೋರು ಹೊಡೆದ ಹಾಗೇ ಕಾಣುತ್ತದೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. ಅದಾದ ಇಪ್ಪತ್ತು ನಿಮಿಷಕ್ಕೆ ಈ ಶಟರಿಗೆ ಸಾಕಾಗುವಷ್ಟು ಬೆಳಕು. ಮುಂದಿನ ಅರ್ಧ ಗಂಟೆ ಬಂಗಾರ. ಒಂದು ಜಾಗಕ್ಕೆ ಆರೇಳು ಸಲ ಹಾಯುತ್ತೇನೆ, ಸಾವಿರದೈದುನೂರು ಫ್ರೇಮಿನಲ್ಲಿ ಮೊಣಕಾಲು ಸರಿಯಾಗಿ ಕೂತದ್ದು ಎರಡೋ ಮೂರೋ. ಪೆಡಲ್ ಎಲ್ಲಿರಬೇಕು, ಗೆರೆ ದಾಟುವಾಗ ಅಲ್ಲಿಗೇ ಬರುವ ಹಾಗೆ ಎಲ್ಲಿಂದ ಎಣಿಸಬೇಕು ಎನ್ನುವುದು ನನ್ನ ಹೊಟ್ಟೆಯಲ್ಲೇ ಇರಲಿ.

ಹುಮನಾಬಾದ್ ರಸ್ತೆಯಲ್ಲಿ ಗೆರೆ ಎಳೆಯುವಾಗ ಒಬ್ಬ ಮುದುಕರು ಹೊಲದಿಂದ ಓಡಿ ಬಂದರು.

"ಸರ್ವೇದವ್ರೇನ್ರಿ ಸಾಹೇಬ್ರ? ನಮ್ಮ ಹೊಲ ಹೋಗ್ತದೇನ್?"

"ಇಲ್ಲ ಕಾಕಾ, ಫೋಟೋ ತೆಗಿಲತ್ತೀನಿ."

"ಯಾರ್ದು?"

"ನಂದೇ."

ಅವರು ರಸ್ತೆಯ ಎರಡೂ ಕಡೆ ನೋಡಿದರು. "ಮತ್ತ ತೆಗಿಯೋರ್ ಎಲ್ಲ್ಯಾರ?"

ಗೆರೆ ಅಳಿಸಿದ ಮೇಲೆಯೇ ಅವರಿಗೆ ಸಮಾಧಾನ. ಆಮೇಲೆ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನಿಸಿದರು, ಬೆಳಕು ಹೋಯಿತು, ಆ ದಿನದ ಫೋಟೋ ಇಲ್ಲ.

ಮಳಖೇಡದ್ದು ಮಾತ್ರ ಮರೆಯುವುದಿಲ್ಲ. ಜುಲೈ, ಕಾಗಿಣಾ ತುಂಬಿ ಹರಿಯುತ್ತಿತ್ತು. ಹೊಳೆ ಕಾಣಲೆಂದು ಹೊಲದ ದಾರಿ ಹಿಡಿದದ್ದೇ ತಪ್ಪು. ಎರೆಮಣ್ಣು ಬ್ರೇಕಿನ ಸಂದಿಗೆ ಮೆತ್ತಿ ಹತ್ತು ಮಾರಿಗೇ ಚಕ್ರ ನಿಂತುಬಿಟ್ಟಿತು. ಕಡ್ಡಿಯಿಂದ ಕೆರೆದೆ, ಮತ್ತೆ ನಿಂತಿತು. ಹೆಗಲ ಮೇಲೆ ಹೊತ್ತೆ. ಫೋನು ಆಗಲೇ ಚಾಲೂ ಇತ್ತು, ಹಾಗಾಗಿ ಜುಲೈ ಫೋಟೋದಲ್ಲಿ ನಾನು ಸೈಕಲ್ ಮೇಲಿಲ್ಲ, ಸೈಕಲ್ ನನ್ನ ಮೇಲಿದೆ. ಮಾತಿಗೆ ತಪ್ಪಿದೆ ಅಂದರೂ ಅಡ್ಡಿಯಿಲ್ಲ.

ನಡುವೆ ಒಂದು ಹುಚ್ಚು. ಬಿದರಿ ಪಾತ್ರೆಯ ಕಪ್ಪಿನ ಮೇಲಿನ ಬೆಳ್ಳಿ ಗೆರೆ ನೋಡಿ, ಫೋಟೋವನ್ನೂ ಹಾಗೇ ಮಾಡಬೇಕು ಅನ್ನಿಸಿತು. ಮಳೆ ನಿಂತ ರಾತ್ರಿ, ಒದ್ದೆ ಡಾಂಬರು, ಹಿಂದಿನಿಂದ ಲಾರಿಯ ಬೆಳಕು, ಸೈಕಲಿನ ಅಂಚಷ್ಟೇ ಮಿನುಗಬೇಕು. ನಾಲ್ಕು ರಾತ್ರಿ ಹೋದೆ. ಒಂದು ಬಂತು, ಅದರಲ್ಲಿ ನಾನು ಯಾರೆಂದು ನನ್ನ ಮಗಳಿಗೇ ತಿಳಿಯಲಿಲ್ಲ. ಲಾರಿ ರಸ್ತೆಯಲ್ಲಿ ಇದನ್ನು ಯಾರೂ ಮಾಡಬೇಡಿ, ನಾನೂ ಬಿಟ್ಟೆ.

ನವೆಂಬರ್, ತೊಗರಿ ಹಳದಿ ಹೂ ಬಿಟ್ಟ ಕಾಲ. ಹುಮನಾಬಾದಿನಲ್ಲಿ ಒಂದು ತಂಗು ಹಾಕಿ ಬೀದರಿಗೆ 110 ಕಿಲೋಮೀಟರ್ ಹೊಡೆದೆ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿ ಗುಂಬಜುಗಳ ಪೈಕಿ ಸುಲ್ತಾನ ಹುಮಾಯೂನನದು ಸಿಡಿಲಿಗೆ ಸೀಳಿ ಅರ್ಧವೇ ನಿಂತಿದೆ, ಒಡೆದ ತೆಂಗಿನಕಾಯಿಯ ಹಾಗೆ. ರಕ್ಷಿತ ಸ್ಮಾರಕದೊಳಗೆ ಟ್ರೈಪಾಡಿಗೆ ಪರವಾನಗಿ ಬೇಕು, ಅದಕ್ಕೇ ಹೊರಗಿನ ರಸ್ತೆಯಲ್ಲೇ ನನ್ನ ಕಲ್ಲು ಜೋಡಿಸಿದೆ. ಐದನೇ ಸಲಕ್ಕೆ ಆ ಸೀಳಿನ ಬೆಳಕು ಸರಿಯಾಗಿ ಹೆಗಲ ಮೇಲೆ ಬಿತ್ತು. ಫೋನ್ ಎಷ್ಟು ಎತ್ತರದಲ್ಲಿತ್ತು ಎಂದು ಕೇಳಬೇಡಿ.

ಪ್ರಿಂಟಿಗೆ ಹನ್ನೆರಡು ಆರಿಸಿದೆ. ಒಂದು ಸ್ಟುಡಿಯೋದವರು ಕೇಳದೇ ನನ್ನ ಮುಖ ಬೆಳ್ಳಗೆ ಮಾಡಿ ಕೊಟ್ಟರು, ಮದುವೆಗೆ ತಯಾರಾದ ಹಾಗೆ. ಬೇರೆ ಕಡೆ ಮತ್ತೆ ಹಾಕಿಸಿದ್ದಕ್ಕೆ 1,400 ಚಿಲ್ಲರೆ. 4ಕೆ ಫ್ರೇಮು ಅಂದರೆ 3840ಕ್ಕೆ 2160 ಚುಕ್ಕಿ. ಅಂಚು ಕತ್ತರಿಸಿ 12ಕ್ಕೆ 18 ಇಂಚಿನ ಹಾಳೆಗೆ ಹಾಕಿದರೆ ಇಂಚಿಗೆ 180 ಚುಕ್ಕಿ. ಮದುವೆ ಫೋಟೋದವನು 300 ಬೇಕೇ ಬೇಕು ಅನ್ನುತ್ತಿದ್ದ.

ಆ ಐತವಾರ ಅಷ್ಟೂರಿನ ಪ್ರಿಂಟನ್ನು ಅವನು ಮೂಗಿನ ಹತ್ತಿರ ಹಿಡಿದ, ಬೆರಳಿನಿಂದ ಅಂಚು ಸವರಿದ. "ಖರೆ ಹೇಳ್ರಿ, ಯಾವ ಕ್ಯಾಮೆರಾ? ಯಾರ್ ಬಂದಿದ್ರು ಸಂಗಟ?" ಕಿಸೆಯಿಂದ ಟ್ಯೂಬಿನ ಪಟ್ಟಿ ತೆಗೆದು ಅವನ ಕೈಗೆ ಕೊಟ್ಟೆ. ನಾಕ ಕೈ ಅಂದವನು ಏನೂ ಮಾತಾಡದೆ ಎದ್ದು ಹೋಗಿ ಎಲ್ಲರ ಚಹಾದ ದುಡ್ಡು ಕೊಟ್ಟು ಬಂದ.