ಕದ್ದ ಯುಎಸ್‌ಡಿಟಿಯ ಬೆನ್ನು ಹತ್ತಿ: ನನ್ನ ಅನುಭವ

ಕ್ರಿಪ್ಟೊ ಹೋದರೆ ಹೋಯಿತು, ಹುಡುಕುವುದು ದಂಡ ಎಂದವರೇ ಹೆಚ್ಚು. ನಾನು ಜಾಡು ಹಿಡಿದ ಒಂದು ಕಳವಿನ ಕೇಸಿನಲ್ಲಿ ಹೋಗಿದ್ದ ಸುಮಾರು 23 ಲಕ್ಷ ರೂಪಾಯಿಯ ಯುಎಸ್‌ಡಿಟಿಯಲ್ಲಿ (ಟೆಥರ್ ಕಂಪನಿಯ, ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ) 9 ಲಕ್ಷದ ಆಸುಪಾಸು ಎಕ್ಸ್‌ಚೇಂಜ್ (ಕ್ರಿಪ್ಟೊ ಕೊಂಡು ಮಾರುವ ಕಂಪನಿ) ಖಾತೆಯಲ್ಲೇ ಫ್ರೀಜ್ ಆಯಿತು. ಬಳಸಿದ್ದು ಟ್ರಾನ್‌ಸ್ಕ್ಯಾನ್ (ಟ್ರಾನ್ ಜಾಲದ ಎಲ್ಲ ವಹಿವಾಟು ತೋರಿಸುವ ವೆಬ್‌ಸೈಟ್) ಮತ್ತು ಒಂದು ಎಕ್ಸೆಲ್ ಶೀಟ್, ಅಷ್ಟೇ. ದುಬಾರಿ ಟೂಲ್ ಬೇಕಾಗಲಿಲ್ಲ.

ಕಳ್ಳರು ನಾಲ್ಕೈದು ವಾಲೆಟ್ ದಾಟಿಸಿ, ಒಡೆದೊಡೆದು ಕಳಿಸುತ್ತಾರೆ. ನಡುವಿನವುಗಳ ಮೇಲೆ ಹೊತ್ತು ಕಳೆಯದೆ ಡೆಪಾಸಿಟ್ ಅಡ್ರೆಸ್ (ಹಣ ಜಮಾ ಮಾಡಲು ಎಕ್ಸ್‌ಚೇಂಜ್ ತನ್ನ ಗ್ರಾಹಕನಿಗೆ ಕೊಡುವ ಅಡ್ರೆಸ್) ಹುಡುಕಿ. ನಮಗೆ ಸಿಕ್ಕಿದ್ದು ಹೀಗಿತ್ತು: ಆರು ಸಾವಿರ ಚಿಲ್ಲರೆ ಯುಎಸ್‌ಡಿಟಿ ಬಂತು, ಕೆಲವೇ ನಿಮಿಷದಲ್ಲಿ ಬೇರೆ ಅಡ್ರೆಸ್‌ನಿಂದ ಫೀಸಿಗಾಗುವಷ್ಟು ಟಿಆರ್‌ಎಕ್ಸ್ (ಟ್ರಾನ್‌ನ ಸ್ವಂತ ನಾಣ್ಯ) ಬಂತು, ಹಿಂದೆಯೇ ಇಡೀ ಬ್ಯಾಲೆನ್ಸ್ ಹಾಟ್ ವಾಲೆಟ್‌ಗೆ (ಎಲ್ಲ ಗ್ರಾಹಕರ ಹಣ ಸೇರುವ ಎಕ್ಸ್‌ಚೇಂಜ್‌ನ ವಾಲೆಟ್) ಹೋಯಿತು. ಹಳೆಯ ವಹಿವಾಟು ತೆಗೆದರೂ ಪ್ರತಿ ಸಲ ಅದೇ ಹಾಟ್ ವಾಲೆಟ್. ಫೀಸು ತುಂಬುವ ಆ ಅಡ್ರೆಸ್ ಸಾವಿರಾರು ಅಡ್ರೆಸ್‌ಗಳಿಗೆ ಹಾಗೇ ತುಂಬುತ್ತಿತ್ತು. ಅಲ್ಲಿಗೆ ನಿಲ್ಲಿಸಬೇಕು. ಹಾಟ್ ವಾಲೆಟ್‌ನಿಂದಾಚೆ ಹೋಗುವುದು ಬೇರೆ ಗ್ರಾಹಕರ ಹಣ. ಎಷ್ಟೋ ವರದಿಗಳು ಇಲ್ಲೇ ಹಳ್ಳ ಹಿಡಿಯುತ್ತವೆ.

ಸುಮಾರು 5 ಲಕ್ಷದ ಒಂದು ಕವಲು ಸ್ವಾಪ್ ಸೇವೆಯೊಳಗೆ (ಒಂದು ಕ್ರಿಪ್ಟೊವನ್ನು ಇನ್ನೊಂದಕ್ಕೆ ಬದಲಿಸಿಕೊಡುವ ಸೇವೆ) ಹೊಕ್ಕು ಕೈತಪ್ಪಿತು. ಹಣ ಹೊರಬಂದಿರಬಹುದಾದ ಇನ್ನೊಂದು ಜಾಲವಾದ ಎಥೀರಿಯಂ ಕಡೆ ಮೊತ್ತ, ಸಮಯ ತಾಳೆ ನೋಡಿದರೆ ಹೊಂದುವಂಥವು ನಾಲ್ಕಾರು ಸಿಕ್ಕವು. ಅಂಥದ್ದನ್ನು ಪೊಲೀಸರಿಗೆ ಬರೆದುಕೊಡಲೇಬಾರದು, ಅಮಾಯಕರ ಖಾತೆ ಫ್ರೀಜ್ ಆದೀತು. ಒಡೆದ ಮೊತ್ತ ಮತ್ತೆ ಜೋಡಿಸಲು ನನ್ನದೇ ಒಂದು ಲೆಕ್ಕವಿದೆ. ಕಳ್ಳರೂ ಓದುತ್ತಾರೆ, ಅದನ್ನು ಬರೆಯುವುದಿಲ್ಲ.

ಹಿಮ್ಮುಖವಾಗಿಯೂ ಹೋಗಿ ನೋಡಿದೆ. ಟ್ರಾನ್‌ನಲ್ಲಿ ಹೊಸ ಅಡ್ರೆಸ್ ಚಾಲೂ ಆಗಲು ಯಾರಾದರೂ ಮೊದಲು ಸ್ವಲ್ಪ ಟಿಆರ್‌ಎಕ್ಸ್ ಕಳಿಸಬೇಕು, ಯುಎಸ್‌ಡಿಟಿ ಬಂದರೆ ಸಾಲದು, ಅದರ ಶುಲ್ಕ ಒಂದು ಟಿಆರ್‌ಎಕ್ಸ್ ಚಿಲ್ಲರೆ. ಕಳ್ಳನ ವಾಲೆಟ್‌ಗೆ ಆ ಮೊದಲ ಟಿಆರ್‌ಎಕ್ಸ್ ಬಂದದ್ದು ಇನ್ನೊಂದು ಎಕ್ಸ್‌ಚೇಂಜ್‌ನ ವಿತ್‌ಡ್ರಾವಲ್‌ನಿಂದ. ಅಂದರೆ ಅಲ್ಲೂ ಒಂದು ಕೆವೈಸಿ ಇದೆ. ಮೊದಲು ಕಳಿಸಿದ್ದು ಎನರ್ಜಿ (ಟ್ರಾನ್‌ನಲ್ಲಿ ಫೀಸಿನ ಬದಲು ಬಳಸುವಂಥದ್ದು) ಬಾಡಿಗೆಗೆ ಕೊಡುವವರ ಅಡ್ರೆಸ್ ಆಗಿದ್ದರೆ ಮಾತ್ರ ಈ ದಾರಿ ಬಂದ್.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಮೊದಲ ದಿನವೇ ಹೋಗಲಿ. ಪೊಲೀಸರಿಂದ ಎಕ್ಸ್‌ಚೇಂಜ್‌ಗೆ ಹೋಗುವ, ದಾಖಲೆ ಕೇಳುವ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 94ರ ನೋಟಿಸಿನಲ್ಲಿ ಹ್ಯಾಶ್ (ಪ್ರತಿ ವಹಿವಾಟಿನ ಗುರುತಿನ ಸಂಖ್ಯೆ), ಡೆಪಾಸಿಟ್ ಅಡ್ರೆಸ್, ಮೊತ್ತ, ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ ನಾಲ್ಕೂ ಇರಲಿ. ನಮ್ಮ ಸಮಯದಲ್ಲಿ ಐದೂವರೆ ಗಂಟೆ ಕಳೆಯದೆ ಬರೆದರೆ ತಾಳೆಯಾಗುತ್ತಿಲ್ಲ ಎಂದು ವಾಪಸ್ ಬರುತ್ತದೆ. ಹ್ಯಾಶ್ ಸ್ಕ್ರೀನ್‌ಶಾಟ್‌ನಲ್ಲಿ ಬೇಡ, ಕಾಪಿ ಮಾಡುವಂತೆ ಅಕ್ಷರದಲ್ಲೇ ಕೊಡಿ. ಹಣ ಇನ್ನೂ ಖಾಸಗಿ ವಾಲೆಟ್‌ನಲ್ಲೇ ಕೂತಿದ್ದರೆ ಟೆಥರ್‌ಗೆ ಪೊಲೀಸರಿಂದಲೇ ಮನವಿ ಹೋಗಬೇಕು. ಅವರು ಆ ಅಡ್ರೆಸನ್ನೇ ಬ್ಲಾಕ್‌ಲಿಸ್ಟ್ ಮಾಡಬಲ್ಲರು. ಫ್ರೀಜ್ ಆದ ಇಂಥ ದೊಡ್ಡ ಮೊತ್ತ ಬಿಡಿಸಲು ಸಾಮಾನ್ಯವಾಗಿ ಕೋರ್ಟ್ ಆದೇಶ ಬೇಕು, ವಕೀಲರ ಫೀಸು ಬೇರೆ. ಮುಂಗಡ ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂದು ಟೆಲಿಗ್ರಾಂನಲ್ಲಿ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.