ಐವತ್ತರ ಸಾಲಗಾರನ ಸ್ತೋತ್ರ

ನಾನು ಹುಟ್ಟಿದ್ದೇ ಕ್ರೈಸ್ತ ವಿಶ್ವಾಸಿಗಳ ಮನೆಯಲ್ಲಿ. ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ನನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ ಸರದಿ ಬಂದಾಗಲೆಲ್ಲ "ಮಹಾಪಾಪಿಯಾದ ನನ್ನನ್ನು ಕರ್ತನು ರಕ್ಷಿಸಿದನು, ಆತನಿಗೆ ಸ್ತೋತ್ರ" ಎನ್ನುತ್ತಿದ್ದೆ. ಆ ಮಾತು ಸುಳ್ಳಲ್ಲ. ಆದರೆ ಯಾವ ಪಾಪ ಎಂದು ಯಾರಾದರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು. ಒಳಗೊಳಗೆ ನನ್ನ ಲೆಕ್ಕ ಬೇರೆಯೇ ಇತ್ತು. ಕುಡಿದವನಲ್ಲ, ಯಾರ ಮನೆಯನ್ನೂ ಹಾಳು ಮಾಡಿದವನಲ್ಲ.

ನನ್ನ ಸ್ತೋತ್ರದಲ್ಲಿ ಜೀವ ಇಲ್ಲ ಎಂದು ನನಗೇ ಗೊತ್ತಾಗುತ್ತಿತ್ತು. ಸರಿಪಡಿಸೋಣ ಎಂದು ಒಂದು ನೋಟ್‌ಬುಕ್ ಇಟ್ಟೆ. ದಿನಕ್ಕೆ ಐದು ಉಪಕಾರ ಬರೆಯುವುದು. ಆರೋಗ್ಯ, ಕೆಲಸ, ಮಕ್ಕಳು, ಮಳೆ. ಒಳ್ಳೆಯ ಅಭ್ಯಾಸವೇ, ಬೇಡ ಅನ್ನುವುದಿಲ್ಲ. ಆದರೆ ಮೂರು ತಿಂಗಳಾದ ಮೇಲೆ ಹಾಳೆ ತಿರುಗಿಸಿ ನೋಡಿದರೆ, ನನ್ನ ಪಾಪಕ್ಕಾಗಿ ಯೇಸು ಸತ್ತ ಶಿಲುಬೆಯ ಮಾತು ಒಂದು ದಿನವೂ ಬಂದಿರಲಿಲ್ಲ.

ಆಗ ಬೈಬಲಿನ ಲೂಕನ ಸುವಾರ್ತೆಯ 7ನೇ ಅಧ್ಯಾಯ ಓದುತ್ತಿದ್ದೆ. ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯರಲ್ಲಿ ಒಬ್ಬನಾದ ಸೀಮೋನನ ಮನೆಯಲ್ಲಿ ಊಟ. ಊರಲ್ಲೆಲ್ಲ ಹೆಸರು ಕೆಡಿಸಿಕೊಂಡಿದ್ದ ಹೆಂಗಸೊಬ್ಬಳು ಬಂದು ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೋಯಿಸುತ್ತಾಳೆ. ಸೀಮೋನನ ಮುಖ ನೋಡಿ ಯೇಸು ಇಬ್ಬರು ಸಾಲಗಾರರ ಕಥೆ ಹೇಳುತ್ತಾನೆ. ಒಬ್ಬನ ಸಾಲ 500 ದಿನಾರಿ, ಇನ್ನೊಬ್ಬನದು 50. ದಿನಾರಿ ಅಂದರೆ ಆಗಿನ ಕಾಲದ ಒಂದು ದಿನದ ಕೂಲಿ. ಸಾಲ ಕೊಟ್ಟವನು ಇಬ್ಬರದನ್ನೂ ಮನ್ನಾ ಮಾಡಿದ, ಹೆಚ್ಚು ಮನ್ನಾ ಆದವನೇ ಅವನನ್ನು ಹೆಚ್ಚು ಪ್ರೀತಿಸುತ್ತಾನೆ ಎನ್ನುವುದು ಕಥೆ. ನಾನು ಯಾವಾಗಲೂ 50ರವನ ಪಕ್ಕ ಕೂತು ಈ ಕಥೆ ಕೇಳುತ್ತಿದ್ದೆ. ಆ ದಿನ ಮಾತ್ರ ನಡುವಿನ ಒಂದು ಮಾತು ಕಣ್ಣಿಗೆ ಬಿತ್ತು. ತೀರಿಸಲು ಇಬ್ಬರ ಹತ್ತಿರವೂ ಏನೂ ಇರಲಿಲ್ಲ. 50ರವನ ಕೈಯೂ ಖಾಲಿ! ಇಷ್ಟು ವರ್ಷ ಇದನ್ನು ಹೇಗೆ ದಾಟಿಕೊಂಡು ಹೋಗಿದ್ದೆನೋ.

ಅವತ್ತು ರಾತ್ರಿ ಆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಸಾಲು ಬರೆದೆ. "ಅಪ್ಪನ ದುಡ್ಡಿನ ವಿಷಯದಲ್ಲಿ ಅಣ್ಣನಿಗೆ ಸುಳ್ಳು ಹೇಳಿದೆ."

ಅಪ್ಪ ಹಾಸಿಗೆ ಹಿಡಿದಿದ್ದಾಗ ಲೆಕ್ಕವೆಲ್ಲ ನನ್ನ ಕೈಯಲ್ಲಿತ್ತು. ಅವರು ಹೋದ ಮೇಲೆ ಸ್ವಲ್ಪ ಹಣ ಉಳಿದಿತ್ತು. ಎಲ್ಲ ಚಿಕಿತ್ಸೆಗೇ ಖರ್ಚಾಯಿತು ಎಂದು ಅಣ್ಣನಿಗೆ ಹೇಳಿದೆ. ಅವನು ಒಂದು ರಸೀದಿಯನ್ನೂ ಕೇಳಲಿಲ್ಲ. "ಪಾಪ, ನೀನೊಬ್ಬನೇ ಒದ್ದಾಡಿದೆ" ಎಂದು ಬೆನ್ನು ಸವರಿದ. ಓಡಾಡಿದವನು ನಾನು, ಅದು ನನಗೆ ಸಲ್ಲಬೇಕಾದದ್ದೇ ಎಂದು ಹನ್ನೆರಡು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಹನ್ನೆರಡು ವರ್ಷವೂ ಸಾಕ್ಷಿ ಹೇಳುತ್ತಲೇ ಇದ್ದೆ.

ಬರೆದ ಸಾಲನ್ನು ಬಾಯಿ ಬಿಟ್ಟು ದೇವರ ಮುಂದೆ ಓದಿದೆ. ಸಬೂಬು ಏನೂ ಸೇರಿಸಲಿಲ್ಲ. ಆಮೇಲೆ, "ಇದಕ್ಕೂ ಸೇರಿಸಿ ನೀನು ಸತ್ತೆ ಸ್ವಾಮಿ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಬಿಗಿಯಿತು. ನನ್ನ ಬದುಕಿನಲ್ಲಿ ಮೊದಲ ಸಲ ಸ್ತೋತ್ರ ತಾನಾಗಿ ಹೊರಗೆ ಬಂತು. ಹೆಸರಿಲ್ಲದ ಪಾಪಕ್ಕೆ ಸಿಕ್ಕ ಕ್ಷಮೆಯೂ ಹೆಸರಿಲ್ಲದೇ ಉಳಿದಿತ್ತು, ಅಲ್ವಾ?

ಅಲ್ಲಿಂದ ಮುಂದೆ ಒಂದು ತಪ್ಪು ಮಾಡಿದೆ. ದಿನಾ ರಾತ್ರಿ ಕೂತು ಪಾಪಗಳನ್ನು ಅಗೆಯತೊಡಗಿದೆ. ಪ್ರಾರ್ಥನೆಯೆಲ್ಲ ನಾನು, ನನ್ನ ಕೊಳಕು, ನನ್ನ ಅಳು ಎಂದಾಗಿಬಿಟ್ಟಿತು. ಅದು ಕೃತಜ್ಞತೆಯಲ್ಲ. ಈಗ ಪಾಪಕ್ಕೆ ಒಂದೇ ಸಾಲು. ಅದನ್ನು ಓದಿ ಹಾಳೆ ಹರಿದು ಹಾಕುತ್ತೇನೆ. ಆಮೇಲೆ ಬೈಬಲಿನ 103ನೇ ಕೀರ್ತನೆಯನ್ನು ಗಟ್ಟಿಯಾಗಿ ಹೇಳುತ್ತೇನೆ, ಪೂರ್ವಕ್ಕೂ ಪಶ್ಚಿಮಕ್ಕೂ ಎಷ್ಟು ದೂರವೋ ಅಷ್ಟು ದೂರ ನಮ್ಮ ದ್ರೋಹಗಳನ್ನು ಆತನು ತೆಗೆದುಹಾಕಿದ್ದಾನೆ ಎನ್ನುವವರೆಗೆ. ಸಮಯ ಜಾಸ್ತಿ ಹೋಗಬೇಕಾದದ್ದು ಅಲ್ಲಿ.

ಅಣ್ಣನ ಹತ್ತಿರ ಹೋಗಲು ಎರಡು ತಿಂಗಳು ಹಿಡಿಯಿತು. ದುಡ್ಡು ಹಿಂದೆ ಕೊಟ್ಟರೆ ಕ್ಷಮೆ ಸಿಗುತ್ತದೆ ಎನ್ನುವ ಯೋಚನೆ ಮೆಲ್ಲಗೆ ಒಳಗೆ ನುಸುಳುತ್ತಿತ್ತು. ಸುವಾರ್ತೆಯಲ್ಲಿ ಬರುವ ಸುಂಕದವರ ಮುಖಂಡ ಜಕ್ಕಾಯನ ಕಥೆ ಸಹಾಯ ಮಾಡಿತು. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದು ಅವನು ಹೇಳಿದ್ದು ಯೇಸು ಅವನನ್ನು ಹೆಸರು ಹಿಡಿದು ಕರೆದ ಮೇಲೆ, ಅವನ ಮನೆಗೇ ಬಂದ ಮೇಲೆ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲೂ ಅದೇ ಕ್ರಮ. 8 ಮತ್ತು 9ನೇ ವಚನದಲ್ಲಿ ರಕ್ಷಣೆ ಕೃಪೆಯಿಂದ, ನಮ್ಮ ಕ್ರಿಯೆಗಳಿಂದಲ್ಲ. ಒಳ್ಳೆಯ ಕೆಲಸದ ಮಾತು ಬರುವುದು 10ರಲ್ಲಿ.

ಅಣ್ಣ ಎಲ್ಲ ಕೇಳಿಸಿಕೊಂಡ. ಹಣದ ಕವರ್ ಮುಟ್ಟಲಿಲ್ಲ. "ಕೇಳಿದ್ದರೆ ನಾನೇ ಕೊಡ್ತಿದ್ದೆನಲ್ಲೋ" ಎಂದಷ್ಟೇ ಹೇಳಿ ಒಳಗೆ ಹೋದ. ಆಮೇಲೆ ಸುಮಾರು ಒಂದು ವರ್ಷ ಫೋನ್ ಮಾಡಲಿಲ್ಲ. ದೇವರು ಕ್ಷಮಿಸಿದ್ದಾನೆ ಎಂದು ಅಣ್ಣನೂ ತಕ್ಷಣ ಕ್ಷಮಿಸಬೇಕು ಎನ್ನುವ ಹಕ್ಕು ನನಗಿಲ್ಲ. ಅದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು.

ಆ ವರ್ಷ ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ಪಾದ್ರಿಯ ಬಗ್ಗೆ ಓದಿದೆ. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರನ್ನು ಕೂಗಿದವನು. ಆದರೆ ಅದಾದ ಮೇಲೂ ಕೆಲವು ವರ್ಷ ಗುಲಾಮರನ್ನು ಸಾಗಿಸುವ ಹಡಗುಗಳನ್ನೇ ನಡೆಸಿದ. ಆ ವ್ಯಾಪಾರದ ವಿರುದ್ಧ, ತನ್ನ ಪಾಲನ್ನೂ ಒಪ್ಪಿಕೊಂಡು, ಜನರ ಮುಂದೆ ಬರೆದದ್ದು 1788ರಲ್ಲಿ. ಕೃಪೆ ಸಿಕ್ಕವನಿಗೂ ತನ್ನ ಪಾಪ ಪೂರ್ತಿ ಕಾಣಲು ಅಷ್ಟು ಕಾಲ ಬೇಕಾಯಿತು. ನನ್ನಲ್ಲೂ ಇನ್ನೂ ಕಾಣದೇ ಇರುವುದು ಎಷ್ಟಿದೆಯೋ. ಅದನ್ನೂ ಯೇಸು ಆಗಲೇ ಹೊತ್ತಿದ್ದಾನೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅಣ್ಣ ಈಗ ಮಾತಾಡುತ್ತಾನೆ. ಮೊದಲಿನಷ್ಟಲ್ಲ. ಯೇಸುವಿನ ಮರಣವನ್ನು ನೆನೆದು ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಪಾತ್ರೆ ಕೈಗೆ ಬಂದಾಗ ಮನಸ್ಸಿನಲ್ಲೇ ಅವನ ಹೆಸರು ಹೇಳುತ್ತೇನೆ, ಆ ಸುಳ್ಳಿನ ಹೆಸರು ಹೇಳುತ್ತೇನೆ. ಆಮೇಲೆ "ಸ್ತೋತ್ರ ಸ್ವಾಮಿ" ಎಂದು ಕುಡಿಯುತ್ತೇನೆ.